ಪ್ಯಾಡಿಗಳ ಪಂಕ್ತಿ

ಅಲ್ಫರೆಟಾದಲ್ಲಿ ನಾವು ಸಾಮಾನು ತರುವ ಅಂಗಡಿಯ ಬೇಕರಿ ಮೂಲೆಯಲ್ಲಿ, ಮಾರ್ಚ್ ತಿಂಗಳು ಬಂತೆಂದರೆ ಒಂದು ಬಗೆಯ ಗುಂಡು ಬ್ರೆಡ್ಡು ಬಂದು ಕೂರುತ್ತದೆ. ಮೇಲೆ ಚಾಕುವಿನಲ್ಲಿ ಅಡ್ಡ ಉದ್ದ ಗೀರಿರುತ್ತಾರೆ. ಒಳಗೆ ಒಣದ್ರಾಕ್ಷಿ, ಜೊತೆಗೆ ನಮ್ಮ ಶಾಜೀರಿಗೆಯಂಥ ಕಾಳು. ಈ ವರ್ಷ ಹಾಲು ತರಲು ಹೋದವನು ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತಳ್ಳುಗಾಡಿ ಹಿಡಿದುಕೊಂಡು ದಾರಿಯ ಮಧ್ಯೆ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಹೆಂಗಸು ಪಾಪ ಎರಡು ಸಲ ಕೆಮ್ಮಿದಳು. ಆ ಕಾಳಿನ ವಾಸನೆ ನನ್ನನ್ನು ಮೇರಿಲ್ಯಾಂಡಿನ ಕೊಲಂಬಿಯಾಕ್ಕೆ, 2022ರ ಆ ಚಳಿಗಾಲಕ್ಕೆ ಕರೆದುಕೊಂಡು ಹೋಗಿತ್ತು.

ಕೊಲಂಬಿಯಾದಲ್ಲಿ ನಾವಿದ್ದದ್ದು ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳ ಒಂದು ಓಣಿಯಲ್ಲಿ. ಅಲ್ಲಿ ಮನೆಮನೆಗೆ ಬೇರೆ ಟಪಾಲು ಪೆಟ್ಟಿಗೆ ಇರಲಿಲ್ಲ. ಓಣಿಯ ತುದಿಯಲ್ಲಿ ಎಲ್ಲರ ಪೆಟ್ಟಿಗೆಗಳೂ ಒಂದೇ ಕಡೆ. ನೆರೆಹೊರೆಯವರು ಅಲ್ಲಿಗೆ ಬಂದಾಗ ನಾಲ್ಕು ಮಾತಾಡಲಿ ಎಂದೇ ಊರು ಕಟ್ಟಿದವರು ಹಾಗೆ ಮಾಡಿದ್ದಂತೆ. ಆದರೆ ಕೊರೋನಾ ಬಂದ ಮೇಲೆ ಎಲ್ಲರೂ ಮಾಸ್ಕ್ ಏರಿಸಿಕೊಂಡು, ಬೇರೆಯವರು ಹೋದ ಮೇಲೆ ಹೋಗಿ ಕಾಗದ ತರುತ್ತಿದ್ದೆವು. ಮೂರು ವರ್ಷ ಒಂದೇ ಓಣಿಯಲ್ಲಿದ್ದರೂ ಮೂಲೆಮನೆಯ ಮುದುಕರ ಹೆಸರು ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು 2021ರ ಅಕ್ಟೋಬರಿನಲ್ಲಿ, ನನ್ನ ಹಳೆಯ ಹಾಸ್ಟೆಲ್ ಗೆಳೆಯ ರಘುವಿನಿಂದ. ನನ್ನ ಪೂರ್ತಿ ಹೆಸರು ಪದ್ಮನಾಭ. ಮನೆಯಲ್ಲಿ ಪದ್ದು. ಮೈಸೂರಿನ ಎಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ಅದು ಹೇಗೋ ಪ್ಯಾಡಿ ಆಯಿತು. ಆ ದಿನ ನಾನು, ಮೂಲೆಮನೆಯ ಮುದುಕರು ಕಾಗದ ತೆಗೆದುಕೊಂಡು ಹೋಗಲಿ ಎಂದು ಟಪಾಲು ಪೆಟ್ಟಿಗೆಯಿಂದ ತುಸು ದೂರ ನಿಂತಿದ್ದೆ. ಕಾರು ನಿಲ್ಲಿಸಿ ಇಳಿದ ರಘು ಅಲ್ಲಿಂದಲೇ ಕೂಗಿದ.

"ಲೋ ಪ್ಯಾಡಿ! ಫೋನ್ ಯಾಕೋ ಎತ್ತಲ್ಲ?"

ಕನ್ನಡದ ಆ ವಾಕ್ಯದಲ್ಲಿ ಒಂದೇ ಒಂದು ಪದ ಅರ್ಥವಾದ ಮುದುಕರು, ಕಾಗದಗಳನ್ನು ಎದೆಗೆ ಒತ್ತಿಕೊಂಡು ತಿರುಗಿ ನಿಂತರು. ಎತ್ತರದ ಆಳು. ಬೆನ್ನು ಸ್ವಲ್ಪ ಬಾಗಿತ್ತು. ಹುಬ್ಬು ಮಾತ್ರ ಇನ್ನೂ ದಟ್ಟ, ಪೂರ್ತಿ ಬಿಳಿ.

"ಕರೆದದ್ದು ನನ್ನನ್ನಾ?"

ಅವರ ಮಾತೆಲ್ಲ ಇಂಗ್ಲಿಷಿನಲ್ಲೇ. ನನ್ನ ನೆನಪಿನಲ್ಲಿ ಮಾತ್ರ ಅದು ಕನ್ನಡವಾಗಿಯೇ ಕೂತಿದೆ, ಹಾಗೇ ಬರೆಯುತ್ತೇನೆ. ರಘು ತಬ್ಬಿಬ್ಬಾಗಿ ನನ್ನತ್ತ ಕೈ ತೋರಿಸಿದ. ಮುದುಕರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನು? ನೀನು ಪ್ಯಾಡಿ?"

"ಪದ್ಮನಾಭ ಅಂತ. ಕಾಲೇಜಲ್ಲಿ ಎಲ್ಲ ಪ್ಯಾಡಿ ಅಂತಿದ್ರು."

"ಇಟ್ಟವರು ಯಾರು? ಇಂಗ್ಲಿಷರಾ?"

"ಇಲ್ಲ, ಮಂಡ್ಯದ ಒಬ್ಬ ಹುಡುಗ."

ಅವರು ನಕ್ಕರು. ಇಡೀ ಓಣಿಗೆ ಕೇಳುವಂಥ ನಗು. ಆಮೇಲೆ ಮಾಸ್ಕ್ ಕೆಳಗೆ ಸರಿಸಿ, ಕೈ ಚಾಚಿ, "ಪ್ಯಾಟ್ರಿಕ್. ಎಂಬತ್ತು ವರ್ಷದಿಂದ ಪ್ಯಾಡಿ. ಭಾನುವಾರ ಹೆಂಡತಿ ಮಗಳನ್ನ ಕರಕೊಂಡು ಟೀಗೆ ಬಾ. ನಿನಗೆ ಕೆಲವರ ಪರಿಚಯ ಮಾಡಿಸಬೇಕು" ಎಂದರು.

ಆ ಕೆಲವರು ಇದ್ದದ್ದು ಗೋಡೆಯ ಮೇಲೆ. ಮೂಲೆಮನೆಯ ಊಟದ ಕೋಣೆಯಲ್ಲಿ, ಮೇಜಿನ ಎದುರಿನ ಗೋಡೆ ತುಂಬ ಕಟ್ಟುಹಾಕಿಸಿದ ಫೋಟೋಗಳು. ಎಲ್ಲರೂ ಗಂಡಸರು, ಎಲ್ಲರ ಹೆಸರೂ ಪ್ಯಾಡಿ. ಪ್ಯಾಡಿ ಅಂಕಲ್ (ನನ್ನ ಹೆಂಡತಿ ಶೈಲಾ ಮೊದಲ ದಿನವೇ ಅವರನ್ನು ಹಾಗೆ ಕರೆದಳು, ಅದೇ ಉಳಿಯಿತು) ಬಾಲ್ಟಿಮೋರಿನಲ್ಲಿ ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಐರಿಷರಲ್ಲಿ ಪ್ಯಾಟ್ರಿಕ್ ಎಂದರೆ ಮನೆಮಂದಿಗೆಲ್ಲ ಪ್ಯಾಡಿ. ಅವರು ಹುಟ್ಟಿ ಬೆಳೆದ ಐರಿಷ್ ಬಡಾವಣೆಯಲ್ಲಿ ಕೂಗಿದರೆ ಹತ್ತು ಜನ ಓಗೊಡುವಷ್ಟು ಪ್ಯಾಡಿಗಳಿದ್ದರಂತೆ. ಗುರುತು ಸಿಗಲಿ ಎಂದು ಒಬ್ಬೊಬ್ಬರಿಗೂ ಮುಂದೆ ಒಂದು ಬಿರುದು.

"ಇವನು ಬಾಕ್ಸರ್ ಪ್ಯಾಡಿ. ಒಬ್ಬ ದೊಡ್ಡ ಚಾಂಪಿಯನ್ನನ್ನ ಅಭ್ಯಾಸದ ಹೊತ್ತಿನಲ್ಲಿ ಕೆಡವಿದ್ದ. ಅಭ್ಯಾಸ ಆದದ್ದರಿಂದ ಅದು ಯಾವ ಪುಸ್ತಕದಲ್ಲೂ ಇಲ್ಲ. ಇವನು ಕೌನ್ಸಿಲ್ ಪ್ಯಾಡಿ, ಚುನಾವಣೆಗೆ ನಿಂತು ಪ್ರತಿಸಲ ಸೋತ. ಸೋತ ರಾತ್ರಿ ಅವನು ಕೊಡುತ್ತಿದ್ದಷ್ಟು ಒಳ್ಳೆಯ ಪಾರ್ಟಿ ಗೆದ್ದವರು ಯಾರೂ ಕೊಡಲಿಲ್ಲ. ಇವನು ಸೇತುವೆ ಪ್ಯಾಡಿ, ಕೊಲ್ಲಿಯ ಮೇಲಿನ ಸೇತುವೆಯಲ್ಲಿ ವೆಲ್ಡಿಂಗ್ ಮಾಡಿದವನು. ಅದರ ಮೇಲೆ ಹೋಗುವಾಗಲೆಲ್ಲ ಹಾರ್ನ್ ಹೊಡೆಯುತ್ತಿದ್ದ. ಇವನು ಹಾಡುವ ಪ್ಯಾಡಿ."

"ಮತ್ತೆ ನೀವು?" ಎಂದು ಕೇಳಿದೆ.

"ಏಣಿ ಪ್ಯಾಡಿ. ಯಾಕೆ ಅಂತ ನಾನು ಹೇಳುವಂತಿಲ್ಲ. ಅದು ಪಂಕ್ತಿಯ ನಿಯಮ."

ನಿಯಮ ಇಷ್ಟೇ. ವರ್ಷಕ್ಕೊಮ್ಮೆ ಮಾರ್ಚಿನಲ್ಲಿ, ಅವರ ಸಂತ ಪ್ಯಾಟ್ರಿಕ್ಕನ ಹಬ್ಬದ ದಿನ, ಎಲ್ಲ ಪ್ಯಾಡಿಗಳೂ ಒಂದು ಮೇಜಿಗೆ ಊಟಕ್ಕೆ ಕೂರಬೇಕು. ಒಬ್ಬೊಬ್ಬನೂ ಯಾವುದಕ್ಕೆ ಹೆಸರುವಾಸಿ ಎಂದು ಎದ್ದು ನಿಂತು ಹೇಳಬೇಕು. ಆದರೆ ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಹಾಗಿಲ್ಲ, ಪಕ್ಕದಲ್ಲಿ ಕೂತವನ ಬಗ್ಗೆ ಹೇಳಬೇಕು. ಪಂಕ್ತಿಗೆ ಕಡಿಮೆಯೆಂದರೆ ಇಬ್ಬರು ಪ್ಯಾಡಿಗಳಾದರೂ ಇರಬೇಕು. ಇನ್ನೊಂದು, ಒಬ್ಬ ಪ್ಯಾಡಿ ಸತ್ತರೆ ಉಳಿದವರು ಶವಪೆಟ್ಟಿಗೆಯನ್ನು ಹೆಗಲ ಮೇಲೆ ಹೊರಬೇಕು.

"ಈಗೆಲ್ಲ ಹಿಡಿಕೆ ಹಿಡಿದು ಕೈಯಲ್ಲಿ ಎತ್ತಿಕೊಂಡು ಹೋಗ್ತಾರೆ" ಎಂದರು. "ಕೈಯಲ್ಲಿ ಹಿಡಿಯೋದು ಸೂಟ್‌ಕೇಸು. ಮನುಷ್ಯನನ್ನ ಹೆಗಲ ಮೇಲೆ ಹೊರಬೇಕು."

ಗೋಡೆಯ ಮೇಲಿದ್ದ ಅಷ್ಟೂ ಜನರನ್ನು ಅವರು ಹೊತ್ತಿದ್ದರು, ಒಬ್ಬರ ಹೊರತು. ಹಾಡುವ ಪ್ಯಾಡಿ ಸತ್ತದ್ದು 2020ರ ಏಪ್ರಿಲ್ಲಿನಲ್ಲಿ, ಕೊರೋನಾದಿಂದ. ಯಾರನ್ನೂ ಹತ್ತಿರ ಬಿಡಲಿಲ್ಲ. ಏಣಿ ಪ್ಯಾಡಿ ಸ್ಮಶಾನದ ಗೇಟಿನ ಹೊರಗೆ ಕಾರಿನಲ್ಲಿ ಕೂತು, ಗಾಜು ಏರಿಸಿಕೊಂಡು, ಪರಿಚಯವಿಲ್ಲದ ನಾಲ್ಕು ಜನ ಗಂಬೂಟು ಹಾಕಿಕೊಂಡು ಗೆಳೆಯನನ್ನು ಇಳಿಸುವುದನ್ನು ನೋಡಿದರು. ಅದನ್ನು ಹೇಳುವಾಗ ಅವರು ಫೋಟೋ ನೋಡಲಿಲ್ಲ, ಬ್ರೆಡ್ಡು ಕೊಯ್ಯುತ್ತಿದ್ದರು. ಆ ಕಾಳಿನ ಬ್ರೆಡ್ಡು ಅವರೇ ಮಾಡಿದ್ದು. ಶೈಲಾ ಒಂದು ಚೂರು ಬಾಯಿಗೆ ಹಾಕಿಕೊಂಡು ನನ್ನ ಕಿವಿಯಲ್ಲಿ, "ಸಿಹಿಗೆ ಜೀರಿಗೆ ಹಾಕಿದಾರೆ ರೀ, ಆದ್ರೆ ಚೆನ್ನಾಗಿದೆ" ಎಂದಳು.

ಮೊದಲ ವರ್ಷ ಕೊರೋನಾದಿಂದ, ಮರುವರ್ಷ ಅವರೊಬ್ಬರೇ ಉಳಿದದ್ದರಿಂದ, ಎರಡು ವರ್ಷ ಪಂಕ್ತಿ ನಡೆದಿರಲಿಲ್ಲ.

"ಮಾರ್ಚಿಗೆ ನೀನು ಬರಬೇಕು" ಎಂದು ಬಾಗಿಲ ಹತ್ತಿರ ನನಗೆ ಹೇಳಿದರು. ನಾನು ಸಂಕೋಚದಿಂದ, ನಾನು ಐರಿಷನಲ್ಲ, ಯಾವುದಕ್ಕೂ ಹೆಸರುವಾಸಿಯಂತೂ ಅಲ್ಲವೇ ಅಲ್ಲ ಎಂದೆ. "ಅದು ನಿನಗೆ ಹೇಗೆ ಗೊತ್ತಿರುತ್ತೆ?" ಎಂದು ಬಾಗಿಲು ಹಾಕಿಕೊಂಡರು.

ಆ ವರ್ಷದ ಚಳಿಗಾಲದಲ್ಲಿ ನನ್ನ ಮನಸ್ಸು ಯಾರ ಜೊತೆಯೂ ಮಾತಿಗೆ ಬರುವ ಸ್ಥಿತಿಯಲ್ಲಿರಲಿಲ್ಲ. ಮೇ ತಿಂಗಳಲ್ಲಿ, ಎರಡನೇ ಅಲೆಯಲ್ಲಿ, ಮೈಸೂರಿನಲ್ಲಿ ನನ್ನ ಅಣ್ಣ ತೀರಿಕೊಂಡಿದ್ದ. ನನಗಿಂತ ಐದೇ ವರ್ಷ ದೊಡ್ಡವನು. ನಾನು ಹೋಗಲಾಗಲಿಲ್ಲ. ಹೋಗಿದ್ದರೂ ಹತ್ತಿರ ಬಿಡುತ್ತಿರಲಿಲ್ಲ. ಬೀದಿಯ ಕೊನೆಯಲ್ಲಿ ನಿಂತು ಅತ್ತಿಗೆಯ ತಮ್ಮ ಹಿಡಿದಿದ್ದ ಫೋನಿನಲ್ಲಿ, ಬಿಳಿ ಸೂಟಿನವರು ಅವನನ್ನು ಗಾಡಿಗೆ ಏರಿಸುವುದನ್ನು ನೋಡಿದೆ. ನಡುವೆ ಸಿಗ್ನಲ್ ಹೋಗಿ ಚಿತ್ರ ನಿಂತುಬಿಟ್ಟಿತು. ಅದಾದ ಮೇಲೆ ಆಫೀಸಿನ ಕೆಲಸ, ಮಗಳು ಅನುವಿನ ಶಾಲೆ, ಎಲ್ಲ ನಡೆದೇ ಇತ್ತು. ಅಣ್ಣನ ವಿಷಯ ಮಾತ್ರ ನಾನು ಶೈಲಾಳ ಹತ್ತಿರವೂ ಎತ್ತುತ್ತಿರಲಿಲ್ಲ. ಅವಳು ಎತ್ತಿದರೆ ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದೆ.

ಜನವರಿಯ ಮೊದಲ ವಾರ ದೊಡ್ಡ ಹಿಮ ಬಿತ್ತು. ಶಾಲೆ, ಆಫೀಸು ಎಲ್ಲ ಬಂದ್. ಬೆಳಗ್ಗೆ ಸಲಿಕೆ ಹಿಡಿದುಕೊಂಡು ಮನೆಯ ಮುಂದಿನ ಹಿಮ ತೆಗೆಯುತ್ತಿದ್ದವನಿಗೆ, ಟಪಾಲು ಪೆಟ್ಟಿಗೆಯ ಹತ್ತಿರ ಕೆಂಪು ಟೋಪಿಯೊಂದು ಕಂಡಿತು. ಟೋಪಿಯ ಪಕ್ಕ ಪ್ಯಾಡಿ ಅಂಕಲ್ ಅಂಗಾತ ಬಿದ್ದಿದ್ದರು. ಟಪಾಲಿನವನು ಬಂದರೆ ಜಾರದಿರಲಿ ಎಂದು ದಾರಿ ಬಿಡಿಸಲು ಹೋಗಿ ತಾವೇ ಜಾರಿದ್ದರು.

ಎತ್ತಲು ಕೈಹಾಕಿದೆ. "ಮುಟ್ಟಬೇಡ" ಎಂದರು. "ಸೊಂಟ ಹೋಗಿದೆ. ಎಷ್ಟು ಜನರನ್ನ ಎತ್ತಿದೀನಿ, ನನಗೆ ಗೊತ್ತು. ಆಂಬುಲೆನ್ಸ್ ಕರಿ."

ಕರೆದೆ. ರಸ್ತೆಗಳೆಲ್ಲ ಮುಚ್ಚಿಹೋಗಿದ್ದರಿಂದ ಬರುವುದು ತಡವಾಗುತ್ತದೆ ಎಂದರು. ಶೈಲಾ ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ತಂದು ಹೊದಿಸಿ, ಬಿಸಿನೀರಿನ ಚೀಲ ತರಲು ಮತ್ತೆ ಓಡಿದಳು. ಅವರು ಏನೋ ಗೊಣಗುತ್ತಿದ್ದರು. ಬಗ್ಗಿದರೂ ಕೇಳುತ್ತಿರಲಿಲ್ಲ. ಕೊನೆಗೆ ನಾನು ಅವರ ಪಕ್ಕದಲ್ಲಿ ಹಿಮದ ಮೇಲೇ ಉದ್ದಕ್ಕೆ ಮಲಗಿಕೊಂಡು, ಅವರ ಬಾಯಿಗೆ ಕಿವಿ ಕೊಟ್ಟೆ.

"ಮಾತಾಡು" ಎನ್ನುತ್ತಿದ್ದರು. "ನಿದ್ದೆ ಬರ್ತಾ ಇದೆ. ನಿದ್ದೆ ಬರಬಾರದು. ಏನಾದರೂ ಮಾತಾಡು."

ಏನು ಮಾತಾಡುವುದು? ಬಾಯಿಗೆ ಬಂದದ್ದು ಅಣ್ಣನೇ. ಅಣ್ಣ ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಹೋಗುತ್ತಿದ್ದದ್ದು, ಎಡಗೈಯಲ್ಲಿ ಬ್ಯಾಟು ಬೀಸುತ್ತಿದ್ದದ್ದು, ನನ್ನ ಮದುವೆಯಲ್ಲಿ ಬಡಿಸುತ್ತಾ ಬಡಿಸುತ್ತಾ ತಾನು ಊಟ ಮಾಡುವುದನ್ನೇ ಮರೆತದ್ದು, ಕೊನೆಗೆ ಆ ಬಿಳಿ ಸೂಟಿನವರು, ನಿಂತುಹೋದ ಚಿತ್ರ. ಆಕಾಶ ನೋಡಿಕೊಂಡು ಹೇಳುತ್ತಾ ಹೋದೆ. ಇಂಗ್ಲಿಷಿನಲ್ಲಿ ಶುರುಮಾಡಿದವನು ಯಾವಾಗಲೋ ಕನ್ನಡಕ್ಕೆ ಹೊರಳಿದ್ದೆ. ನನಗೆ ಗೊತ್ತಾಗಲಿಲ್ಲ. ಅವರೂ ತಡೆಯಲಿಲ್ಲ. ಕಂಬಳಿಯ ಒಳಗಿಂದ ಒಂದು ಕೈ ಬಂದು ನನ್ನ ತೋಳು ಹಿಡಿದುಕೊಂಡಿತ್ತು. ಆಂಬುಲೆನ್ಸಿನವರು ಬಂದಾಗ ಮೊದಲು ಯಾರನ್ನು ಎತ್ತಬೇಕೆಂದು ಅವರಿಗೆ ಗೊಂದಲವಾಯಿತು.

ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲೆ ಅವರನ್ನು ಹತ್ತಿರದ ಒಂದು ರಿಹ್ಯಾಬ್ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ದಿನಾ ನಿಲ್ಲಿಸಿ, ನಡೆಸಿ, ಅಭ್ಯಾಸ ಮಾಡಿಸಬೇಕು. ಕೊರೋನಾ ಮತ್ತೆ ಏರಿದ್ದ ಕಾಲ, ಮೊದಮೊದಲು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಫೆಬ್ರವರಿಯ ಕೊನೆಗೆ ಬಿಟ್ಟಾಗ ಹೋಗಿ ನೋಡಿದರೆ ಅವರು ನಮಗೆ ಗೊತ್ತಿದ್ದ ಮನುಷ್ಯನೇ ಅಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದರು. ಅವರ ಮಗಳು ಮೊರೀನ್, ನಾರ್ತ್ ಕ್ಯಾರೊಲೈನಾದ ಶಾರ್ಲಟ್ಟಿನಿಂದ ಬಂದವಳು, ಕಾರಿಡಾರಿನಲ್ಲಿ ನಮ್ಮನ್ನು ನಿಲ್ಲಿಸಿಕೊಂಡು ಹೇಳಿದಳು.

"ನಿಲ್ಲೋದಕ್ಕೇ ಒಪ್ತಾ ಇಲ್ಲ. ಇನ್ನೊಂದು ತಿಂಗಳು ಹೀಗೇ ಆದರೆ ಮತ್ತೆ ಯಾವತ್ತೂ ನಿಲ್ಲಲ್ಲ ಅಂತಾರೆ. ನನ್ನ ಜೊತೆ ಶಾರ್ಲಟ್ಟಿಗೆ ಬನ್ನಿ ಅಂದರೆ, ಯಾಕೆ, ಅಲ್ಲಿ ನನ್ನನ್ನ ಯಾರು ಹೊರ್ತಾರೆ, ಅಂತ ಕೇಳ್ತಾರೆ."

ಕಾರಿನಲ್ಲಿ ವಾಪಸು ಬರುವಾಗ ಶೈಲಾ, "ಪಂಕ್ತಿಗೆ ಇಬ್ಬರು ಸಾಕು ಅಂದಿದ್ರಲ್ವಾ?" ಎಂದಳು. "ನೀವಿದೀರಲ್ಲ."

"ಎದ್ದು ನಿಲ್ಲದೇ ಇರೋರ ಜೊತೆ ಎಂಥ ಪಂಕ್ತಿ?"

"ಇಬ್ಬರೇ ಅಂದ್ರೆ ಬೇಡ ಅಂತಾರೆ. ಟೇಬಲ್ ತುಂಬ ಜನ ಬಂದ್ರೆ ಹೇಗೆ ಬೇಡ ಅಂತಾರೆ? ನಿಮ್ ಥರದ ಪದ್ಮನಾಭಗಳಿಗೆ ಇಲ್ಲಿ ಬರಾನಾ?"

ಆ ಸಂಜೆ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಪ್ಯಾಡಿ ಎಂದು ಕರೆಸಿಕೊಳ್ಳುವವರು ಯಾರಾದರೂ ಇದ್ದೀರಾ, ಒಬ್ಬ ಹಿರಿಯರು ಎದ್ದು ನಿಲ್ಲುತ್ತಿಲ್ಲ, ಅವರ ಜೊತೆ ಒಂದು ಊಟಕ್ಕೆ ಬರಬೇಕು, ಎಂದು. ಮೊದಲು ತಮಾಷೆಗಳೇ ಬಂದವು. ಭತ್ತಕ್ಕೂ ಪ್ಯಾಡಿ ಅಂತಾರೆ, ಮೂಟೆ ತರಲಾ ಎಂದ ಒಬ್ಬ. ಬರುತ್ತೇನೆಂದು ಐದಾರು ಜನ ಬರೆದರು. ದಿನ ಹತ್ತಿರ ಬಂದ ಹಾಗೆ ಒಬ್ಬರಿಗೆ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇತ್ತು, ಒಬ್ಬರ ಮಗುವಿಗೆ ಜ್ವರ. ಕೊನೆಗೆ ಬಂದವರು ಇಬ್ಬರು.

ಒಬ್ಬ ಫಹಾದ್. ಮೈಸೂರಿನ ಉದಯಗಿರಿಯವನು, ನಮ್ಮ ಕೊಲಂಬಿಯಾದಲ್ಲೇ ನೆಟ್‌ವರ್ಕ್ ಕೆಲಸದಲ್ಲಿದ್ದ. "ನಮ್ ಹಾಸ್ಟೆಲ್ ಅಡುಗೆ ಭಟ್ರಿಗೆ ಫ ಬರ್ತಿರ್ಲಿಲ್ಲ ಸರ್" ಎಂದು ಲಾಬಿಯಲ್ಲಿ ವಿವರಿಸಿದ. "ಪಹಾದಪ್ಪ, ಪಹಾದಪ್ಪ ಅಂತ ಕರೆದೂ ಕರೆದೂ ಪ್ಯಾಡಿ ಆಯ್ತು. ಈಗ್ಲೂ ಹಳೇ ಫ್ರೆಂಡ್ಸ್ ಹಂಗೇ ಕರೀತಾರೆ." ಇನ್ನೊಬ್ಬರು ಪದ್ಮಜಾ. ಬೆಂಗಳೂರಿನ ಬಸವನಗುಡಿಯವರು, ವರ್ಜೀನಿಯಾದ ಹರ್ನ್‌ಡನ್ನಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಬೆಲ್ಟ್‌ವೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಬಂದು, ಮೂಗಿಗೆ ಕಡ್ಡಿ ಹಾಕಿಸಿಕೊಂಡು ಟೆಸ್ಟ್ ಮಾಡಿಸಿಕೊಳ್ಳುವಾಗ ಮುಖ ಗಂಟಿಕ್ಕಿಕೊಂಡೇ ಇದ್ದರು.

ರಿಹ್ಯಾಬಿನವರು ಊಟದ ಹಾಲಿನ ಒಂದು ಮೂಲೆ ಬಿಟ್ಟುಕೊಟ್ಟಿದ್ದರು. ಮೊರೀನ್ ಅಪ್ಪನ ಗೋಡೆಯ ಫೋಟೋಗಳನ್ನೆಲ್ಲ ತಂದು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದಳು. ಅವರ ಹಬ್ಬದೂಟಕ್ಕೆ ಕೋಸು, ಆಲೂಗಡ್ಡೆ ಬೇಕೇ ಬೇಕು ಎಂದು ತಿಳಿದ ಶೈಲಾಗೆ ಹಿಗ್ಗೋ ಹಿಗ್ಗು. ತೆಂಗಿನಕಾಯಿ ತುರಿ ಹಾಕಿದ ಕೋಸಿನ ಪಲ್ಯ, ಆಲೂಗಡ್ಡೆ ಪಲ್ಯ, ಚಪಾತಿ ಮಾಡಿಕೊಂಡು ಬಂದಿದ್ದಳು. ಪ್ಯಾಡಿ ಅಂಕಲ್ಲನ್ನು ಗಾಲಿಕುರ್ಚಿಯಲ್ಲಿ ತಂದು ಮೇಜಿನ ತುದಿಗೆ ನಿಲ್ಲಿಸಿದರು. ಅವರು ಫೋಟೋಗಳನ್ನು ನೋಡಿದರು, ನಮ್ಮನ್ನು ನೋಡಿದರು. ತಟ್ಟೆಗೆ ಬಡಿಸಿದ್ದನ್ನು ಮುಟ್ಟಲಿಲ್ಲ.

ಕೊನೆಗೆ ಫಹಾದ್ ಎದ್ದು ನಿಂತ. ಪಕ್ಕದವರ ಬಗ್ಗೆ ಹೇಳಬೇಕಾದ ನಿಯಮ ಅವನಿಗೆ ಮೊದಲೇ ತಿಳಿಸಿದ್ದೆ.

"ನನ್ನ ಪಕ್ಕದಲ್ಲಿ ಕೂತಿರುವವರು ಹರ್ನ್‌ಡನ್ನಿನ ಪ್ಯಾಡಿ" ಎಂದು ಇಂಗ್ಲಿಷಿನಲ್ಲಿ ಶುರುಮಾಡಿದ.

"ಒಂದ್ನಿಮಿಷ" ಎಂದರು ಪದ್ಮಜಾ. ಆಮೇಲೆ ಮೇಜಿನ ತುದಿಗೆ ತಿರುಗಿ, ಇಂಗ್ಲಿಷಿನಲ್ಲಿ, "ಕ್ಷಮಿಸಿ. ಈ ಹೆಸರು ನನಗೆ ಇಷ್ಟವಿಲ್ಲ" ಎಂದರು.

ಫಹಾದ್ ಕೂತುಬಿಟ್ಟ.

"ಕೆಲಸಕ್ಕೆ ಸೇರಿದ ದಿನ ನನ್ನ ಮ್ಯಾನೇಜರ್, ನಿನ್ನ ಹೆಸರು ಕಷ್ಟ, ಪ್ಯಾಡಿ ಅಂತ ಕರೀತೀನಿ ಅಂದ. ನನ್ನನ್ನ ಕೇಳಲಿಲ್ಲ, ಹೇಳಿದ ಅಷ್ಟೆ. ಹೋದ ವರ್ಷ ಒಂದು ಅವಾರ್ಡ್ ಕೊಟ್ಟರು. ಗಾಜಿನ ಮೇಲೆ ಪ್ಯಾಡಿ ಅಂತ ಕೆತ್ತಿಸಿದ್ದರು. ಮನೆಗೆ ತಂದು ಅಮ್ಮನಿಗೆ ವಿಡಿಯೋ ಕಾಲಲ್ಲಿ ತೋರಿಸಿದರೆ, ಇದು ಯಾರದಮ್ಮಾ ಅಂದಳು. ಅದಕ್ಕೆ, ನಾನು ಇಲ್ಲಿಗೆ ಬಂದದ್ದು ಆ ಹೆಸರಿಗೋಸ್ಕರ ಅಲ್ಲ. ನೀವು ಎದ್ದು ನಿಲ್ತಾ ಇಲ್ಲ ಅಂತ ಬರೆದಿದ್ದರು. ನಮ್ಮ ತಂದೆಯೂ ಹೀಗೇ ಒಂದು ಸಲ ಹಟ ಹಿಡಿದು ಮಲಗಿದ್ದರು. ಅದಕ್ಕೆ ಬಂದೆ."

ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಶೈಲಾ ಪಲ್ಯದ ಡಬ್ಬಿಯ ಮುಚ್ಚಳ ಸುಮ್ಮನೆ ಹಾಕಿ ತೆಗೆದು ಮಾಡುತ್ತಿದ್ದಳು.

ಪ್ಯಾಡಿ ಅಂಕಲ್ ಪದ್ಮಜಾರನ್ನೇ ನೋಡುತ್ತಿದ್ದರು. ಆ ತಿಂಗಳಲ್ಲಿ ನಾನು ಅವರ ಬಾಯಿಂದ ಕೇಳಿದ ಮೊದಲ ಪೂರ್ತಿ ಮಾತು ಬಂದದ್ದು ಆಗ.

"ನನ್ನ ತಾತ ನಿನ್ನ ಪಕ್ಕದಲ್ಲಿ ಕೂರಬೇಕಾಗಿತ್ತು. ರೈಲು ಹಳಿ ಹಾಕೋ ಕೆಲಸ ಅವನದು. ಅವನ ಕಾಲದಲ್ಲಿ ಪ್ಯಾಡಿ ಅಂದರೆ ಬೈಗುಳ. ಐರಿಷರು ಎಷ್ಟು ಜನ ಇದ್ದರೂ ಮೇಸ್ತ್ರಿಗೆ ಎಲ್ಲರೂ ಪ್ಯಾಡಿ, ಹೆಸರು ಕೇಳೋ ಗೋಜೇ ಇಲ್ಲ. ತಾತ ಹಾಗೆ ಕರೆದ ಒಬ್ಬನ ಹಲ್ಲು ಉದುರಿಸಿ ಕೆಲಸ ಕಳಕೊಂಡ. ಆಮೇಲೆ ನಾವು ಹುಡುಗರು, ಬೇರೆಯವರ ಬಾಯಲ್ಲಿ ಯಾಕೆ ಇರಬೇಕು ಅಂತ ಆ ಹೆಸರನ್ನ ನಮ್ಮದು ಮಾಡಿಕೊಂಡ್ವಿ. ಮಾಡಿಕೊಂಡವರಿಗೆ ಅದು ಸರಿ. ಇನ್ನೊಬ್ಬರ ತಲೆ ಮೇಲೆ ಇಡೋ ಹಾಗಿಲ್ಲ." ಸ್ವಲ್ಪ ಉಸಿರು ತೆಗೆದುಕೊಂಡು, "ನಿನ್ನ ಹೆಸರು ಹೇಳು" ಎಂದರು.

"ಪದ್ಮಜಾ."

"ಪಡ್‌ಮಾಜ."

"ಅಲ್ಲ. ಪದ್ಮಜಾ."

"ಪಾದ್‌ಮಜ."

"ಇಲ್ಲ. ಇನ್ನೊಂದ್ಸಲ."

ಪದ್ಮಜಾ ಚೂರೂ ಕನಿಕರ ತೋರಿಸಲಿಲ್ಲ. ಒಂದು ಸಲವೂ "ಪರವಾಗಿಲ್ಲ ಬಿಡಿ" ಎನ್ನಲಿಲ್ಲ. ನಾವೆಲ್ಲ ಇಪ್ಪತ್ತು ವರ್ಷಗಳಿಂದ ಈ ದೇಶದಲ್ಲಿ ಅನ್ನುತ್ತಾ ಬಂದ ಮಾತು ಅದು. ಮುದುಕರು ನಾಲಿಗೆಯನ್ನು ಹಲ್ಲಿಗೆ ಒತ್ತಿ, ಹುಬ್ಬು ಗಂಟಿಕ್ಕಿ, ಕೊನೆಗೆ ಸರಿಯಾಗಿ ಅಂದೇ ಅಂದರು. ಅಂದವರು ವಾಕರನ್ನು ಹತ್ತಿರಕ್ಕೆ ಎಳೆದುಕೊಂಡರು. ಮೊರೀನ್ ಮುಂದಕ್ಕೆ ಬಂದಳು. ತಲೆಯಲ್ಲೇ ಅವಳನ್ನು ತಡೆದರು. ಮೊದಲ ಸಲ ಆಗಲಿಲ್ಲ, ಕುರ್ಚಿಗೆ ವಾಪಸು ಬಿದ್ದರು. ಎರಡನೇ ಸಲ ತೋಳು ನಡುಗಿತು, ಮುಖ ಕೆಂಪಾಯಿತು, ಆದರೆ ನಿಂತರು. ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ವ್ಯಾಯಾಮ ಮಾಡಿಸುವ ಹುಡುಗಿ ಕಪ್ಪನ್ನು ಹಾಗೇ ನೆಲದ ಮೇಲಿಟ್ಟು ಓಡಿಬಂದು ಅವರ ಹಿಂದೆ ನಿಂತುಕೊಂಡಳು.

"ಇವಳು ಪದ್ಮಜಾ" ಎಂದರು ಕಿಟಕಿಯ ಕಡೆಗೆ, ಫೋಟೋಗಳಿಗೆ. "ಮ್ಯಾನೇಜರನ ಹಲ್ಲು ಇನ್ನೂ ಉದುರಿಸದೆ ಇಟ್ಟಿರೋದಕ್ಕೆ ಹೆಸರುವಾಸಿ."

ಎಲ್ಲರಿಗಿಂತ ಮೊದಲು ನಕ್ಕವರು ಪದ್ಮಜಾ. ಕೂರುತ್ತಾರೆಂದುಕೊಂಡೆವು. ಕೂರಲಿಲ್ಲ. ನನ್ನತ್ತ ತಿರುಗಿದರು.

"ಇವನು ಪದ್ದು." ನಾನು ಬೆಚ್ಚಿದೆ. ಆ ಹೆಸರು ಅವರಿಗೆ ನಾನು ಹಿಮದಲ್ಲಿ ಮಲಗಿ ಹೇಳಿದ ಮಾತಿನಲ್ಲೇ ಸಿಕ್ಕಿರಬೇಕು. "ಬಿದ್ದವನನ್ನ ಎತ್ತೋರನ್ನ ನಾನು ತುಂಬ ನೋಡಿದೀನಿ. ಅದೇ ನನ್ನ ಉದ್ಯೋಗ. ಎತ್ತೋಕೆ ಆಗದೇ ಇದ್ದಾಗ ಪಕ್ಕದಲ್ಲಿ ಮಲಗಿದವನು ಇವನೊಬ್ಬನೇ."

ಅಷ್ಟೇ ಹೇಳಿದರು. ನನ್ನ ಅಣ್ಣನ ಸುದ್ದಿ ಎತ್ತಲಿಲ್ಲ. ಶೈಲಾ ಮೇಜಿನ ಕೆಳಗೆ ನನ್ನ ಕೈ ಹುಡುಕಿ ಹಿಡಿದುಕೊಂಡಳು. ಆ ರಾತ್ರಿ ಪಾತ್ರೆಗಳನ್ನು ಸಿಂಕಿನಲ್ಲೇ ಬಿಟ್ಟು ಅವಳ ಹತ್ತಿರ ಕೂತು ಅಣ್ಣನ ಬಗ್ಗೆ ಮಾತಾಡಿದೆ.

ಪಂಕ್ತಿಯಲ್ಲಿ ಫಹಾದನ ಬಗ್ಗೆ ನಾನು ಹೇಳಿದೆ, ಅಡುಗೆ ಭಟ್ಟರ ಕತೆ. ಏಣಿ ಪ್ಯಾಡಿ ಯಾಕೆ ಏಣಿ ಪ್ಯಾಡಿ ಎಂದು ಮೊರೀನ್ ಹೇಳಿದಳು. ಉರಿಯುತ್ತಿದ್ದ ಮೂರನೇ ಮಹಡಿಯಿಂದ ಒಬ್ಬ ಅಜ್ಜಿಯನ್ನು ಇಳಿಸಿ, ಅಜ್ಜಿ ತನ್ನ ಗಿಳಿ ಮೇಲಿದೆ ಎಂದು ಅತ್ತಳೆಂದು ಮತ್ತೆ ಹತ್ತಿದವರು. ಗಿಳಿ ಅವರ ಬೆರಳು ಕಚ್ಚಿತ್ತಂತೆ. ಆ ಹೊತ್ತಿಗೆ ಅವರು ಕೂತು, ಕೋಸಿನ ಪಲ್ಯವನ್ನು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರು.

ಮಾರನೆಯ ದಿನದಿಂದ ದಿನಾ ನಿಂತರು. ಮೇ ತಿಂಗಳಲ್ಲಿ, ಓಣಿಯ ಚೆರ್ರಿ ಮರಗಳ ಹೂವೆಲ್ಲ ಉದುರಿ ಹಸಿರಾದ ಮೇಲೆ, ವಾಕರ್ ಹಿಡಿದು ನಡೆದುಕೊಂಡೇ ಮೊರೀನಳ ಕಾರು ಹತ್ತಿ ಶಾರ್ಲಟ್ಟಿಗೆ ಹೋದರು. ಮುಂದಿನ ವರ್ಷ ನಮಗೂ ಕೆಲಸದ ಮೇಲೆ ಅಲ್ಫರೆಟಾಕ್ಕೆ ಬರಬೇಕಾಯಿತು. ಇಲ್ಲಿಂದ ಶಾರ್ಲಟ್ ನಾಲ್ಕು ಗಂಟೆಯ ದಾರಿ. ಮಾರ್ಚಿನ ಪಂಕ್ತಿ ಮೊರೀನಳ ಮನೆಯಲ್ಲಿ ಎರಡು ವರ್ಷ ನಡೆಯಿತು. ಎಲ್ಲರಿಗಿಂತ ಹೆಚ್ಚು ಅಲ್ಲಿಗೆ ಹೋಗುತ್ತಿದ್ದವರು ಪದ್ಮಜಾ. ಆಫೀಸಿನಲ್ಲಿ ಅವರೀಗ ಪದ್ಮಜಾ. ಮ್ಯಾನೇಜರ್ ಕಲಿಯಲು ಒಂದು ವಾರ ತೆಗೆದುಕೊಂಡನಂತೆ.

ಪ್ಯಾಡಿ ಅಂಕಲ್ ಹೋದದ್ದು 2024ರ ನವೆಂಬರಿನಲ್ಲಿ, ನಿದ್ದೆಯಲ್ಲಿ. ಮೊರೀನ್ ಮೊದಲು ಫೋನ್ ಮಾಡಿದ್ದು ಪದ್ಮಜಾರಿಗೆ, ಪದ್ಮಜಾ ನಮಗೆಲ್ಲ. ಫಹಾದ್ ಕೊಲಂಬಿಯಾದಿಂದ ರಘುವನ್ನೂ ಕೂರಿಸಿಕೊಂಡು ಬಂದ. ಚರ್ಚಿನ ಬಾಗಿಲಲ್ಲಿ ಅಂತ್ಯಸಂಸ್ಕಾರದವರು ಗಾಲಿಯಿರುವ ಗಾಡಿ ತಂದು ನಿಲ್ಲಿಸಿದ್ದರು. ಈಗ ಎಲ್ಲ ಕಡೆ ಇದೇ ರೂಢಿ, ಮೆಟ್ಟಿಲಿವೆ, ನಿಮಗೆ ಅಭ್ಯಾಸವಿಲ್ಲ, ಎಂದು ಒಬ್ಬರು ಸೌಜನ್ಯದಿಂದಲೇ ಹೇಳಿದರು.

"ಬೇಡ" ಎಂದರು ಪದ್ಮಜಾ. ಎತ್ತರದ ಚಪ್ಪಲಿ ಬಿಚ್ಚಿ ಗೋಡೆಯ ಪಕ್ಕಕ್ಕೆ ಸರಿಸಿದರು.

ಮುಂದೆ ನಾನು ಮತ್ತು ಫಹಾದ್, ನಡುವೆ ಪದ್ಮಜಾ ಮತ್ತು ಮೊರೀನ್, ಹಿಂದೆ ರಘು ಮತ್ತು ಮೊರೀನಳ ಗಂಡ. ಹೊರುವುದು ಗೊತ್ತಿದ್ದದ್ದು, ಊರಿನಲ್ಲಿ ಎಷ್ಟೋ ಜನಾಜಾಗಳಿಗೆ ಹೆಗಲು ಕೊಟ್ಟಿದ್ದ ಫಹಾದನೊಬ್ಬನಿಗೇ. "ಕೈಯಲ್ಲಿ ಹಿಡೀಬೇಡಿ ಸರ್, ಹೆಗಲು ಒಳಗೆ ಕೊಡಿ, ಕತ್ತಿಗೆ ತಾಗಲಿ" ಎಂದು ಪಿಸುಮಾತಿನಲ್ಲಿ ಹೇಳಿಕೊಟ್ಟ. "ಎಲ್ರೂ ಎಡಗಾಲು ಮೊದ್ಲು. ನಿಧಾನ."

ಅಷ್ಟು ಭಾರವಿರುತ್ತದೆಂದು ನಾನು ಎಣಿಸಿರಲಿಲ್ಲ. ಮರದ ಅಂಚು ಮೂಳೆಗೆ ಒತ್ತುತ್ತಿತ್ತು. ಮೆಟ್ಟಿಲಿಳಿಯುವಾಗ ಅವರ ಮೈ ಒಳಗೆ ಚೂರು ನನ್ನ ಕಡೆಗೆ ಜರುಗಿದ ಹಾಗಾಯಿತು. ಹೊರಗೆ ಬಿಸಿಲಿತ್ತು.

ಮಾರನೆಯ ದಿನ ಅಲ್ಫರೆಟಾದಲ್ಲಿ ಹಲ್ಲುಜ್ಜಲು ಕೈ ಎತ್ತಿದರೆ ಬಲಹೆಗಲು ಹಿಡಿದುಕೊಂಡಿತ್ತು. ಅಂಗಿ ಸರಿಸಿ ನೋಡಿದ ಶೈಲಾ, "ಅಯ್ಯೋ, ನೀಲಿಗಟ್ಟಿದೆ ರೀ. ಇರಿ, ಮುಲಾಮು ತರ್ತೀನಿ" ಎಂದು ಹೊರಟಳು.

"ಬೇಡ" ಎಂದೆ. "ಸ್ವಲ್ಪ ದಿನ ಇರಲಿ."